ತೀರದ ಮುಯ್ಯಿ

ಚಿಕ್ಕಹನುಮಕ್ಕನಿಗೆ ಯಾರಾದರೂ ಒಂದು ಬಟ್ಟಲು ಅವರೆಕಾಳು ಕೊಟ್ಟರೆ ಮಾರನೆಯ ದಿನ ಕೊಟ್ಟವರ ಮನೆಯಲ್ಲಿ ಯಾರಿಗೂ ನಿದ್ದೆ ಪೂರಾ ಆಗುತ್ತಿರಲಿಲ್ಲ. ಕೋಳಿ ಕೂಗುವಷ್ಟರಲ್ಲಿ ಅದೇ ಬಟ್ಟಲಿನ ತುಂಬ ಕಡಲೆಕಾಯಿ ಹಾಕಿಕೊಂಡು ಆಕೆ ಬಾಗಿಲು ಬಡಿಯುತ್ತಿದ್ದಳು. ಕೊಟ್ಟ ಪಾತ್ರೆ ಬರಿದಾಗಿ ಹಿಂದಕ್ಕೆ ಹೋಗಬಾರದು ಎಂಬುದು ಆ ಸೀಮೆಯಲ್ಲಿ ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿಯೇ. ಆದರೆ ಉಳಿದವರು ಅದಕ್ಕೆ ನಾಲ್ಕಾರು ದಿನ ತಡೆಯುತ್ತಾರೆ, ಇದ್ದಾಗ ಕೊಟ್ಟರಾಯಿತು ಎನ್ನುತ್ತಾರೆ. ಈಕೆಗೆ ಆ ತಡವೇ ಮೈಮೇಲೆ ಇರುವೆ ಹರಿದಂತೆ ಆಗುತ್ತಿತ್ತು.

ಆಕೆಯ ತವರು ಕಳ್ಳಂಬೆಳ್ಳ. ಮಧುಗಿರಿಗೆ ಎರಡು ಹರಿದಾರಿ ದೂರದ ಬಿದರೆಗುಟ್ಟೆಗೆ ಸೊಸೆಯಾಗಿ ಬಂದವಳು. ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಗಂಡ ತೀರಿಹೋದ. ಆವತ್ತಿನಿಂದ ಊರಿನವರ ಬಾಯಲ್ಲಿ ‘ಅಯ್ಯೋ ಪಾಪ’ ಎನ್ನಿಸಿಕೊಳ್ಳಬಾರದು ಎಂಬುದೊಂದೇ ಆಕೆಯ ಹಟವಾಯಿತು. ಆ ಊರಿನಲ್ಲಿ ಕುಯ್ಲಿಗೆ ಕೂಲಿಯವರನ್ನು ಕರೆಯುವ ಪರಿಪಾಠ ಇರಲಿಲ್ಲ. ಇವತ್ತು ನೀವೆಲ್ಲ ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿಮ್ಮ ಹೊಲಕ್ಕೆ ಬರುತ್ತೇನೆ. ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಚಿಕ್ಕಹನುಮಕ್ಕ ಮುಯ್ಯಾಳಿಗೆ ಹೋದರೆ ಗಂಡಸರ ಸಮಕ್ಕೆ ಸಾಲು ಹಿಡಿದು ಕುಯ್ಯುತ್ತಿದ್ದಳು. ಮಗಳ ಮದುವೆಗೆ ಬಂದ ಮುಯ್ಯಿಯನ್ನೆಲ್ಲ, ಸೀರೆಗೆ ಸೀರೆ, ಚೆಂಬಿಗೆ ಚೆಂಬು ಎಂದು, ಯಾರೂ ಕೇಳುವ ಮೊದಲೇ ಹಿಂದಿರುಗಿಸಿ ಮುಗಿಸಿದ್ದಳು. ಮಗಳು ಪಾವಗಡದ ಕಡೆಗೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಉಳಿದಳು. ಯಾರ ಹಂಗೂ ಇಲ್ಲ ಎಂದು ಹೇಳಿಕೊಳ್ಳುವುದು ಆಕೆಗಿದ್ದ ಒಂದೇ ಶೋಕಿ.

ಇಂಥವಳು ಪಾದ್ರಿಯ ಮನೆ ಹೊಕ್ಕಿದ್ದು ಹೇಗೆ ಎಂದರೆ, ಬರೀ ಕುತೂಹಲದಿಂದ.

ಮಧುಗಿರಿ ಸಂತೆಗೆ ಹುಣಸೆಹಣ್ಣು ಮಾರಲು ಹೋಗಿದ್ದವಳು ಬಿಸಿಲು ತಾಳಲಾರದೆ ಒಂದು ಹೆಂಚಿನ ಮನೆಯ ಜಗಲಿಯ ಮೇಲೆ ಕೂತಳು. ಮೇಲೆ ಮರದ ಶಿಲುಬೆ ಇತ್ತು. ತೆರೆದ ಬಾಗಿಲಿನಿಂದ ಇಣುಕಿದರೆ ಒಳಗೆ ವಯಸ್ಸಾದ ಒಬ್ಬ ಮನುಷ್ಯ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಹೂವಿಲ್ಲ, ಕಾಯಿಲ್ಲ, ಊದುಬತ್ತಿಯೂ ಇಲ್ಲ. ಎದುರಿನ ಗೋಡೆಯ ಮೇಲೆ ಮೊಳೆ ಹೊಡೆಸಿಕೊಂಡ ದೇವರು. ಬಹಳ ಹೊತ್ತಾದರೂ ಆತ ಅಲುಗಲಿಲ್ಲ. ಚಿಕ್ಕಹನುಮಕ್ಕ ಬಸ್ಸನ್ನೂ ಬಿಟ್ಟು ಆತ ಎದ್ದು ಬರುವವರೆಗೆ ಕಾದಳು.

“ಏನ್ ಮಾಡ್ತಿದ್ದೆ ಯಜಮಾನ, ಒಳಗೆ?”

“ಏನಿಲ್ಲ ಕಣಮ್ಮ. ಸುಮ್ನೆ ಇದ್ದೆ.”

“ಸುಮ್ನೆ ಇರಕ್ಕೆ ಮಂಡಿ ಯಾಕೆ ಊರ್ಬೇಕು?”

ಆತ ನಕ್ಕುಬಿಟ್ಟ. ಆತನ ಹೆಸರು ಇನ್ನಾಸಪ್ಪ, ಆ ಗುಡಿಯ ಉಪದೇಶಿ. ಗುಡಿಯ ಹಿಂದಿನ ಕೋಣೆಯಲ್ಲೇ ಹೆಂಡತಿ ಅನ್ನಮ್ಮನ ಜೊತೆ ಇದ್ದುಕೊಂಡು, ಬರುವವರಿಗೆ ಜಪ, ಪಾಠ ಹೇಳಿಕೊಡುತ್ತಿದ್ದ. ಸ್ವಾಮಿಯವರು, ಎಂದರೆ ಪಾದ್ರಿ, ತುಮಕೂರಿನಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು.

ಮುಂದಿನ ಸಂತೆಯ ದಿನವೂ ಆಕೆ ಬಂದಳು. ಆಮೇಲೆ ಸಂತೆ ಒಂದು ನೆಪವಾಯಿತು. ಪ್ರಶ್ನೆಗಳನ್ನು ವಾರವೆಲ್ಲ ಕೂಡಿಟ್ಟುಕೊಂಡು ಬಂದು ಇನ್ನಾಸಪ್ಪನ ಮುಂದೆ ಸುರಿಯುತ್ತಿದ್ದಳು.

“ನಿಮ್ ದೇವ್ರು ಯಾಕೆ ಮೊಳೆ ಹೊಡಿಸ್ಕಂಡ? ಓಡೋಗಕ್ಕೆ ಆಗ್ಲಿಲ್ವಾ?”

“ಆಗ್ತಿತ್ತು. ಹೋಗ್ಲಿಲ್ಲ.”

“ಯಾಕೋಗ್ಲಿಲ್ಲ?”

“ನಮಗೋಸ್ಕರ ಅಂತ ನಿಂತ್ಕಂಡ.”

“ನಾವೇನ್ ಕೇಳಿದ್ವಾ ಅವನ್ನ?”

“ಇಲ್ಲ ಕಣಮ್ಮ. ಕೇಳ್ಲಿಲ್ಲ.”

ಈ ಉತ್ತರ ಆಕೆಗೆ ಒಂದು ಚೂರೂ ಹಿಡಿಸಲಿಲ್ಲ. ಕೇಳದೆ ಕೊಟ್ಟದ್ದು ಎಂದರೆ ಆಕೆಗೆ ಮೊದಲಿಂದಲೂ ಆಗದು. ಆದರೂ ಅದನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತ ಊರಿಗೆ ನಡೆದಳು. ಊರಿನಲ್ಲಂತೂ ಅಷ್ಟರಲ್ಲಿ ಗುಲ್ಲೆದ್ದಿತ್ತು. ಪಾದ್ರಿಗಳು ಹಾಲಿನ ಪುಡಿ ಕೊಡುತ್ತಾರಂತೆ, ಗೋಧಿ ಕೊಡುತ್ತಾರಂತೆ, ಕಂಬಳಿ ಕೊಡುತ್ತಾರಂತೆ. “ನಿಂಗೇನ್ ಕೊಟ್ರೇ?” ಎಂದು ಬಾವಿಕಟ್ಟೆಯಲ್ಲಿ ಎಲ್ಲರೂ ಕೇಳುವವರೇ. ಎಲ್ಲರಿಗಿಂತ ಜೋರಾಗಿ ಕೇಳಿದವಳು ವಾರಗಿತ್ತಿ ಗಂಗಲಕ್ಷ್ಮಮ್ಮ. ಚಿಕ್ಕಹನುಮಕ್ಕನ ಗಂಡನ ಅಣ್ಣ ದೊಡ್ಡರಂಗಪ್ಪನ ಹೆಂಡತಿ, ಊರಿಗೆಲ್ಲ ದೊಡ್ಡ ಬಾಯಿ. “ಏನೂ ಕೊಟ್ಟಿಲ್ಲ ಕಣಕ್ಕ” ಎಂದರೆ ಆಕೆ ನಂಬಲಿಲ್ಲ. ಏನೂ ಸಿಗದ ಕಡೆಗೆ ಎರಡು ಹರಿದಾರಿ ನಡೆಯುವವರು ಯಾರಿದ್ದಾರೆ ಎಂದು ಆಕೆಯ ವಾದ. ಕೇಳಿದರೆ ನ್ಯಾಯವಾಗಿಯೇ ಇತ್ತು.

ಕಳೆ ಕೀಳುವ ಕಾಲ. ಒಂದು ಮಧ್ಯಾಹ್ನ ಚಿಕ್ಕಹನುಮಕ್ಕ ಒಬ್ಬಳೇ ರಾಗಿ ಹೊಲದಲ್ಲಿ ಕೂತು ಕಳೆ ಕೀಳುತ್ತ ಏನೋ ಗೊಣಗಿಕೊಳ್ಳುತ್ತಿದ್ದಳು. ಒಂಟಿ ಇರುವವರಿಗೆ ಅದು ಅಭ್ಯಾಸ. ಮಗಳಿಗೆ ಬಸುರಿನಲ್ಲಿ ವಾಂತಿ ಜಾಸ್ತಿಯಂತೆ, ಬದುವಿನಲ್ಲಿ ಇಲಿ ಬಿಲ ತೋಡಿದೆ, ಸೊಂಟ ನೋಯುತ್ತಿದೆ, ಇಂಥವೇ ಮಾತು. ಮಾತಿನ ನಡುವೆ ಆಕೆಯ ಕೈ ನಿಂತಿತು. ತಾನು ತನ್ನೊಳಗೆ ಮಾತಾಡಿಕೊಳ್ಳುತ್ತಿಲ್ಲ, ಯಾರಿಗೋ ಹೇಳುತ್ತಿದ್ದೇನೆ ಎಂಬುದು ಆಕೆಗೆ ಗೊತ್ತಾಯಿತು. ಆ ಯಾರೋ ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದರಲ್ಲಿ ತನಗೆ ಎಳ್ಳಷ್ಟೂ ಅನುಮಾನವಿಲ್ಲ ಎಂಬುದೂ ಗೊತ್ತಾಯಿತು. ಇದು ಯಾವಾಗ ಬಂತು? ಬಾಗಿಲು ತೆರೆದವರು ಯಾರು? ಆಕೆ ಕಳೆಗಿಡವನ್ನು ಕೈಯಲ್ಲಿ ಹಿಡಿದುಕೊಂಡೇ ಸುತ್ತ ನೋಡಿದಳು. ಹೆದರಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು.

ಇನ್ನಾಸಪ್ಪನಿಗೆ ಇದನ್ನು ಹೇಳಿದಾಗ ಆತ ಕಣ್ಣು ಒರೆಸಿಕೊಂಡ. “ಇದಕ್ಕೇ ವಿಶ್ವಾಸ ಅನ್ನೋದು ಕಣಮ್ಮ. ದೇವರು ಕೊಟ್ಟ ವರ. ನಾನು ಹೇಳಿಕೊಟ್ಟಿದ್ದಲ್ಲ, ನೀನು ಸಂಪಾದಿಸಿದ್ದೂ ಅಲ್ಲ.”

“ಅಂಗಾದ್ರೆ ಇದಕ್ಕೆ ಮುಯ್ಯಿ ಏನು?”

“ಮುಯ್ಯಿನಾ?”

“ಕೊಟ್ಟಿದ್ದಕ್ಕೆ ವಾಪಸ್ ಕೊಡ್ಬೇಡ್ವಾ? ಯಾರ್ಗೆ ಕೊಡ್ಬೇಕು, ಎಷ್ಟು ಕೊಡ್ಬೇಕು, ಹೇಳು.”

ಇನ್ನಾಸಪ್ಪ ಪುಸ್ತಕ ತಿರುವಿ ನೋಡಿದ. ಪಾಠದ ಪ್ರಶ್ನೋತ್ತರಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ.

ತಲೆಗೆ ನೀರು ಸುರಿದು ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ಜ್ಞಾನಸ್ನಾನದ ಪಾಠ ಶುರುವಾದಾಗ ಇನ್ನೊಂದು ತಕರಾರು ಎದ್ದಿತು. ಜ್ಞಾನಸ್ನಾನಕ್ಕೆ ಬಂದವರನ್ನು ಗುಡಿಯ ಬಾಗಿಲಿನ ಹೊರಗೇ ನಿಲ್ಲಿಸಿ, ಸ್ವಾಮಿಯವರು ಕೇಳುತ್ತಾರೆ: ದೇವರ ಧರ್ಮಸಭೆಯಿಂದ ನೀನು ಏನನ್ನು ಬೇಡುತ್ತೀ? ಅದಕ್ಕೆ ‘ವಿಶ್ವಾಸವನ್ನು’ ಎಂದು ಉತ್ತರ ಹೇಳಬೇಕು. ಚಿಕ್ಕಹನುಮಕ್ಕ ಒಪ್ಪಲಿಲ್ಲ.

“ನಾನು ಯಾರ ಬಾಗಿಲಾಗೂ ನಿಂತು ಬೇಡಿದೋಳಲ್ಲ ಯಜಮಾನ. ನನ್ ಗಂಡ ಸತ್ತಾಗ್ಲೂ ಬೇಡ್ಲಿಲ್ಲ.”

“ಬಾಯಲ್ಲಿ ಹೇಳೋ ಮಾತು ಅಷ್ಟೇ ಕಣಮ್ಮ.”

“ಬಾಯಲ್ಲಿ ಒಂದು, ಮನಸ್ನಾಗೆ ಒಂದು ಇಟ್ಕಂಡು ನಿಮ್ ದೇವ್ರ ತಾವ ಹೋಗ್ಬೋದಾ?”

ಚಿಕ್ಕಹನುಮಕ್ಕ ತಾನೇ ಒಂದು ದಾರಿ ಹುಡುಕಿದಳು. ಸ್ವಾಮಿಯವರು ಬರುವ ದಿನ ಬುಟ್ಟಿಯಲ್ಲಿ ಹುರುಳಿ, ಬೆಲ್ಲ, ಹೊಸ ಪಂಚೆ, ತೆಂಗಿನಕಾಯಿ ಇಟ್ಟುಕೊಂಡು, ಕಂಕುಳಲ್ಲಿ ಒಂದು ಹ್ಯಾಟೆ ಕೋಳಿ ಸಿಕ್ಕಿಸಿಕೊಂಡು ಬಂದಳು. ಮೊದಲು ಮುಯ್ಯಿ ಸಲ್ಲಿಸಿಬಿಟ್ಟರೆ ಆಮೇಲೆ ಬೇಡುವ ಮಾತೇ ಬರುವುದಿಲ್ಲ, ಲೆಕ್ಕ ಸರಿಸಮ ಎಂದು ಆಕೆಯ ಯೋಚನೆ.

ಸ್ವಾಮಿಯವರು ಇನ್ನೂ ಚಿಕ್ಕ ವಯಸ್ಸಿನವರು, ಕನ್ನಡದವರೇ. “ಗುಡಿಗೆ ಕಾಣಿಕೆಯಾ ತಾಯಿ? ಸಂತೋಷ” ಎಂದರು.

“ಕಾಣಿಕೆ ಅಲ್ಲ ಬುದ್ದಿ, ಮುಯ್ಯಿ. ನಿಮ್ ದೇವ್ರು ವಿಶ್ವಾಸ ಕೊಟ್ಟವ್ನಲ್ಲ, ಅದಕ್ಕೆ. ಇದನ್ನ ತಕ್ಕಂಡ್ರೆ ನನಗೂ ಅವನಿಗೂ ಬಾಕಿ ಇರಲ್ಲ.”

ಸರಿಯಾಗಿ ಆ ಹೊತ್ತಿಗೇ ಕೋಳಿ ಕಂಕುಳಿಂದ ನುಸುಳಿ ಹಾರಿ ಪೂಜೆಯ ಪೀಠದ ಮೇಲೆ ಕೂತುಬಿಟ್ಟಿತು. ಸ್ವಾಮಿಯವರು ನಗು ತಡೆಯಲಾರದೆ ನಕ್ಕರು. ನಗಬಾರದಿತ್ತು. ಆಮೇಲೆ ಸಮಾಧಾನವಾಗಿ ಹೇಳಿದರು: “ಬಾಕಿ ಇಲ್ಲ ಅನ್ನೋದಕ್ಕೆ ಆದರೆ ನಾನು ತಗೊಳ್ಳೋದಿಲ್ಲ ತಾಯಿ. ಇದು ತೀರಿಸೋ ಅಂಥದ್ದಲ್ಲ.”

ಮುಯ್ಯಿ ಬೇಡ ಎನ್ನುವುದು ಬಿದರೆಗುಟ್ಟೆಯಲ್ಲಿ ಸಣ್ಣ ಮಾತಲ್ಲ. ಸಂಬಂಧ ಕಡಿದುಕೊಳ್ಳುವವರು ಆಡುವ ಮಾತು ಅದು. ಚಿಕ್ಕಹನುಮಕ್ಕನ ಮುಖ ಕೆಂಪಾಯಿತು.

“ಅಂದ್ರೆ ಸಾಯೋಗಂಟ ನಾನು ಹಂಗಿನಾಗೆ ಇರ್ಲಿ ಅಂತೀರಾ? ನಾನ್ ಬರಲ್ಲ ಬುಡಿ” ಎಂದು ಕೋಳಿ ಹಿಡಿದು, ಬುಟ್ಟಿ ಹೊತ್ತು ನಡೆದೇಬಿಟ್ಟಳು. ಇನ್ನಾಸಪ್ಪ ರಸ್ತೆಯವರೆಗೂ ಹಿಂದೆ ಓಡಿದ. ಆಕೆ ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಕೋಳಿ ಕೊಕ್ಕೊಕ್ಕೋ ಎನ್ನುತ್ತಿತ್ತು, ಆಕೆ ಅದಕ್ಕೇ ಬೈಯುತ್ತಿದ್ದಳು.

ಪಾದ್ರಿಯನ್ನು ಬಿಟ್ಟು ಬಂದಳಲ್ಲ, ಊರಾದರೂ ಉಳಿಯಿತೇ? ಅದೂ ಇಲ್ಲ. ರಾಗಿ ತೆನೆ ಬಲಿತು ಕೆಂಪಗಾಗಿತ್ತು. ಕುಯ್ಲಿನ ಮುನ್ನಾದಿನ ಭಾವ ದೊಡ್ಡರಂಗಪ್ಪ ಬಂದು, ಒಳಗೆ ಬಾರದೆ, ಕಂಬಕ್ಕೆ ಕೈ ಕೊಟ್ಟು ನಿಂತ.

“ಹನುಮಕ್ಕ, ಮುಯ್ಯಾಳು ನಿನ್ ಹೊಲಕ್ಕೆ ಬರಲ್ಲ ಕಣಮ್ಮ. ಊರೋರು ಕೂತು ಮಾತಾಡವ್ರೆ. ನೀನೂ ಯಾರ ಹೊಲಕ್ಕೂ ಬರಂಗಿಲ್ಲ.”

ದೊಡ್ಡರಂಗಪ್ಪ ಕೆಟ್ಟವನಲ್ಲ. ಊರಿನವರೂ ಕೆಟ್ಟವರಲ್ಲ. ಮೊದಲ ಹಿಡಿ ತೆನೆಗೆ ಪೂಜೆ ಮಾಡಿ, ಒಂದೇ ಗಡಿಗೆಯ ಅಂಬಲಿ ಕುಡಿದು, ಒಂದೇ ಪದ ಹೇಳಿಕೊಂಡು ಕುಯ್ಯುವ ಸಾಲು ಅದು. ನಡುವೆ ಒಬ್ಬಳು ಪೂಜೆಗೆ ಕೈಮುಗಿಯದೆ ನಿಂತರೆ ಸಾಲು ಮುರಿಯುತ್ತದೆ ಎಂದು ಅವರ ಹೆದರಿಕೆ.

“ಒಂದ್ ಮಾತು ಹೇಳ್ಬುಡು” ಎಂದ ದೊಡ್ಡರಂಗಪ್ಪ, ಅವಳ ಮುಖ ನೋಡದೆ. “ಪಾದ್ರಿ ಕಡೆ ಇನ್ ಹೋಗಲ್ಲ, ಅದೆಲ್ಲ ಬುಟ್ಬುಟ್ಟೆ ಅಂತ. ಮಾರಮ್ಮನ ಗುಡಿಗೆ ಒಂದು ಕಾಯಿ ಒಡೆಸು. ಬೆಳಿಗ್ಗೇನೇ ಎಲ್ಲಾರ್ನೂ ನಾನೇ ಕರ್ಕಂಡು ಬತ್ತೀನಿ. ಮೂಡ್ಲಾಗೆ ಮೋಡ ಕಟ್ಟೈತೆ, ನೋಡಿದ್ಯಲ್ಲ.”

ನೋಡಿದ್ದಳು. ಈ ಹೊತ್ತಿನಲ್ಲಿ ಮಳೆ ಹಿಡಿದರೆ ತೆನೆ ಹೊಲದಲ್ಲೇ ಮೊಳಕೆಯೊಡೆಯುತ್ತದೆ. ವರ್ಷದ ಮುದ್ದೆ ಅದು. ಪಾದ್ರಿಯ ಮನೆಗೆ ಹೋಗುವುದನ್ನು ಹೇಗೂ ಬಿಟ್ಟಾಗಿದೆ, ಹೇಳುವುದಕ್ಕೇನು ಕಷ್ಟ? ಆಕೆ ಬಾಯಿ ತೆರೆದಳು. ‘ಬುಟ್ಟೆ’ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಸ್ವಾಮಿಯ ಮೇಲೆ ಕೋಪ ಇದ್ದದ್ದು ನಿಜ. ಆದರೆ ಒಳಗೆ ಕೂತು ಕೇಳಿಸಿಕೊಳ್ಳುವವನು ಎದ್ದು ಹೋಗಿರಲಿಲ್ಲ. ಇಲ್ಲ ಎಂದರೆ ಸುಳ್ಳಾಗುತ್ತಿತ್ತು.

“ಆಗಲ್ಲ ಬಾವ” ಎಂದಳು.

ಬೆಳಿಗ್ಗೆ ಒಬ್ಬಳೇ ಹೊಲಕ್ಕೆ ಹೋಗಿ ಕುಡುಗೋಲು ಹಿಡಿದು ನಿಂತಳು. ಹೊಲ ಯಾವತ್ತೂ ಇಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಆಚೆಯ ದಿಣ್ಣೆಯಿಂದ ಮುಯ್ಯಾಳಿನವರ ಪದ ಕೇಳಿಸುತ್ತಿತ್ತು. ಸಿಟ್ಟು ನೆತ್ತಿಗೇರಿತು.

“ನೋಡು, ಎಲ್ಲಾ ನಿನ್ನಿಂದ್ಲೇ” ಎಂದು ಗಟ್ಟಿಯಾಗಿಯೇ ಹೇಳಿದಳು. “ನಾನು ಕೇಳಿರ್ಲಿಲ್ಲ, ನೀನ್ ಕೊಟ್ಟೆ. ಮುಯ್ಯಿ ತಂದ್ರೆ ನಿನ್ ಪಾದ್ರಿ ನಗ್ತಾನೆ. ತಕ್ಕ, ನಿನ್ ವಸ್ತು ನೀನೇ ವಾಪಸ್ ತಕ್ಕ. ನನಗೂ ನಿನಗೂ ಸರಿಹೋಯ್ತು.”

ಹೇಳಿ ಸುಮ್ಮನೆ ನಿಂತಳು. ಅದು ಹೋಗುತ್ತದೆಯೇ ಎಂದು ಕಾದಳು. ಹಲ್ಲು ಕಿತ್ತ ಮೇಲೆ ನಾಲಿಗೆಯಿಂದ ಆ ಜಾಗ ಮುಟ್ಟಿ ನೋಡುವ ಹಾಗೆ ತನ್ನೊಳಗೇ ತಡಕಿ ನೋಡಿದಳು. ಹೋಗಿರಲಿಲ್ಲ. ಬೈದದ್ದನ್ನೂ ಅವನು ಕೇಳಿಸಿಕೊಂಡ ಎಂದೇ ಅನ್ನಿಸಿತು. ಹಿಂದಕ್ಕೆ ಕೊಟ್ಟರೂ ತೆಗೆದುಕೊಳ್ಳದವನ ಹತ್ತಿರ ಏನು ಮಾಡಬೇಕು ಎಂದು ತೋಚದೆ ಬಗ್ಗಿ ಕುಯ್ಯತೊಡಗಿದಳು.

ಹೊತ್ತು ಒಂದಿಷ್ಟು ಏರಿರಬೇಕು. ಹಿಂದಿನಿಂದ ಸರಕ್ ಸರಕ್ ಎಂದು ಇನ್ನೊಂದು ಕುಡುಗೋಲಿನ ಸದ್ದು. ತಿರುಗಿದರೆ ಗಂಗಲಕ್ಷ್ಮಮ್ಮ! ಸೀರೆ ಎತ್ತಿ ಕಟ್ಟಿ, ತಲೆಗೆ ಬಟ್ಟೆ ಸುತ್ತಿ, ಬದುವಿನ ಮೇಲೆ ಮಜ್ಜಿಗೆಯ ಚೆಂಬು ಇಟ್ಟು, ಆಗಲೇ ಒಂದು ಸಾಲು ಹಿಡಿದಿದ್ದಳು.

“ಅಕ್ಕಾ! ಬಾವ ಬೈಯಲ್ವಾ?”

“ಬೈದ. ಬೈಯಕ್ಕೆ ಅವನಿಗೆ ಬಾಯಿ ಐತೆ, ಕುಯ್ಯಕ್ಕೆ ನನಗೆ ಕೈ ಐತೆ. ನಿನ್ ಮಕ ನೋಡಿ ಬಂದಿಲ್ಲ ಕಣೇ ನಾನು. ರಾಗಿ ಏನ್ ಮಾಡೈತೆ? ರಾಗಿ ಏನು ಕುಲ ಕೆಡಿಸ್ಕಂತಾ? ಕಣ್ಣೆದುರಿಗೆ ತೆನೆ ಮೊಳ್ತೋಗದು ನೋಡ್ಕಂಡು ನಾನು ಹೆಂಗೆ ಉಣ್ಲಿ?”

ದಿನವೆಲ್ಲ ಕುಯ್ದರು. ದಿನವೆಲ್ಲ ಗಂಗಲಕ್ಷ್ಮಮ್ಮ ಬೈದಳು. ಮನೆತನದ ಮಾನ, ಪಾದ್ರಿಯ ನಿಲುವಂಗಿ, ಸತ್ತ ಮೈದುನ, ಯಾವುದನ್ನೂ ಬಿಡಲಿಲ್ಲ. ಬಾಯಿ ನಡೆದಷ್ಟೂ ಕೈ ಚುರುಕಾಗುತ್ತಿತ್ತು. ಚಿಕ್ಕಹನುಮಕ್ಕ ಪಕ್ಕದ ಸಾಲಿನಲ್ಲಿ ಕುಯ್ಯುತ್ತ ಹೋದಳು. ಸಂಜೆಯ ಹೊತ್ತಿಗೆ ಕಂತೆ ಕಟ್ಟಿ, ಬಣವೆ ಒಟ್ಟಿ, ಮೇಲೆ ಹುಲ್ಲು ಮುಚ್ಚಿದರು. ಮೊದಲ ಹನಿ ಬಿದ್ದದ್ದು ಆಮೇಲೆ.

“ನಾಳಿದ್ದು ನಿನ್ ಹೊಲಕ್ಕೆ ನಾನು ಬತ್ತೀನಿ ಅಕ್ಕ” ಎಂದಳು ಚಿಕ್ಕಹನುಮಕ್ಕ.

“ಬಂದ್ರೆ ಕಾಲ್ ಮುರೀತೀನಿ. ನೀನ್ ಬಂದ್ರೆ ಮಿಕ್ಕಿದೋರು ಯಾರೂ ಬರಲ್ಲ.”

“ಮತ್ತೆ ನಾನ್ ಮುಯ್ಯಿ ಹೆಂಗೆ ತೀರಿಸ್ಲಿ?”

“ತೀರಿಸ್ಬೇಡ.”

“ಅದೆಂಗಕ್ಕ ಆಯ್ತದೆ? ತಡಿ, ಮನೆ ತಾವ ಬಾ, ಈ ಚೆಂಬಿಗಾದ್ರೂ ವಸಿ ಹುರುಳಿ ತುಂಬಿ...”

“ನಿನ್ ಮನೆ ಕಾಳು ನನ್ ಮನೆ ಒಳಗೆ ಬರಂಗಿಲ್ಲ ಅಂತ ನಿನ್ ಬಾವ ಹೇಳವ್ನೆ. ಬರೀ ಚೆಂಬು ಕೊಡು ಇತ್ಲಾಗೆ.” ಗಂಗಲಕ್ಷ್ಮಮ್ಮ ಚೆಂಬನ್ನು ಕಿತ್ತುಕೊಂಡು, ತಲೆಕೆಳಗು ಮಾಡಿ ಉಳಿದ ಮಜ್ಜಿಗೆ ಒದರಿ, ಮಳೆಯಲ್ಲಿ ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. “ಒಂದ್ ಸಲ ಈಸ್ಕಂಡು ಸುಮ್ನಿರಕ್ಕೆ ಬರಲ್ವಲ್ಲೇ ನಿಂಗೆ! ನಿನ್ ಗಂಡ ಸತ್ತಾಗ್ಲಿಂದ ನೋಡ್ತಿವ್ನಿ. ಒಂದ್ ಹಿಡಿ ಕಾಳು ಕೊಟ್ರೂ ಮಕದ ಮೇಲೆ ಎಸೆದಂಗೆ ವಾಪಸ್ ತಂದ್ ಕೊಡ್ತೀಯ. ನಮಗೂ ಕೊಡ್ಬೇಕು ಅಂತ ಆಸೆ ಇರಲ್ವಾ?”

ಚಿಕ್ಕಹನುಮಕ್ಕ ಬಣವೆಗೆ ಒರಗಿ ನಿಂತು ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ವಾರಗಿತ್ತಿಯ ಚೆಂಬು ಬರಿದಾಗಿ ಹೋಗುತ್ತಿರುವುದು ಮಳೆಯ ನಡುವೆಯೂ ಕಾಣುತ್ತಿತ್ತು, ಹಿಂದೆ ಓಡಿ ತಡೆಯಬೇಕೆಂದು ಕಾಲು ಎಳೆಯುತ್ತಿತ್ತು. ಆದರೂ ನಿಂತೇ ಇದ್ದಳು. ನಾಚಿಕೆ ಕಳೆದ ಮೇಲೆ ಮನಸ್ಸು ಹಗುರವಾಯಿತು. ಇಷ್ಟು ವರ್ಷ ತಾನು ಬಾಗಿಲು ಬಡಿದು ಎಬ್ಬಿಸಿದ್ದು ಯಾರನ್ನೆಲ್ಲ ಎಂದು ನೆನೆದಳು.

ಕ್ರಿಸ್‌ಮಸ್ಸಿಗೆ ಮುಂಚಿನ ಪೂಜೆಗೆ ಸ್ವಾಮಿಯವರು ಬಂದಾಗ ಚಿಕ್ಕಹನುಮಕ್ಕ ಗುಡಿಯ ಬಾಗಿಲಿನ ಹೊರಗೆ ನಿಂತಿದ್ದಳು. ಪಕ್ಕದಲ್ಲಿ, ಜ್ಞಾನಸ್ನಾನಕ್ಕೆ ತಾಯಿಯ ಸ್ಥಾನದಲ್ಲಿ ನಿಲ್ಲುವ ಜ್ಞಾನತಾಯಿಯಾಗಿ, ಇನ್ನಾಸಪ್ಪನ ಹೆಂಡತಿ ಅನ್ನಮ್ಮ. ಸ್ವಾಮಿಯವರು ಆಕೆಯ ಕಂಕುಳ ಕಡೆ ಒಮ್ಮೆ ನೋಡಿದರು, ಕೋಳಿ ಇರಲಿಲ್ಲ. ಬುಟ್ಟಿಯೂ ಇರಲಿಲ್ಲ. ಬರಿಗೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಆಕೆ ಒಮ್ಮೆ ಸೆರಗು ಹಿಡಿಯುತ್ತಿದ್ದಳು, ಒಮ್ಮೆ ಬಿಡುತ್ತಿದ್ದಳು.

“ದೇವರ ಧರ್ಮಸಭೆಯಿಂದ ನೀನು ಏನನ್ನು ಬೇಡುತ್ತೀ?”

ಇನ್ನಾಸಪ್ಪ ಒಂದು ಹೆಜ್ಜೆ ಮುಂದೆ ಬಂದ.

“ವಿಶ್ವಾಸ ಬೇಡ್ತೀನಿ ಬುದ್ದಿ” ಎಂದಳು ಚಿಕ್ಕಹನುಮಕ್ಕ. “ಸುಮ್ನೆ ಕೊಡಿ.”

ಕೊನೆಯ ಮಾತು ಪುಸ್ತಕದಲ್ಲಿ ಇಲ್ಲದ್ದು. ಸ್ವಾಮಿಯವರು ಈ ಸಲ ನಗಲಿಲ್ಲ. ಆಕೆಯ ನಾಲಿಗೆಯ ಮೇಲೆ ಉಪ್ಪಿನ ಹರಳು ಇಟ್ಟರು, ತಲೆಯ ಮೇಲೆ ನೀರು ಸುರಿದರು, ಮರಿಯಮ್ಮ ಎಂದು ಹೆಸರಿಟ್ಟರು. ಆ ಹೆಸರಿನಿಂದ ಬಿದರೆಗುಟ್ಟೆಯಲ್ಲಿ ಯಾರೂ ಆಕೆಯನ್ನು ಕರೆಯಲಿಲ್ಲ, ಅದು ಬೇರೆ ಮಾತು.

ಪೂಜೆ ಮುಗಿಸಿ ಹೊರಗೆ ಬಂದರೆ ರಸ್ತೆಯಾಚೆ ಬೇವಿನ ಮರದ ಕೆಳಗೆ ಗಂಗಲಕ್ಷ್ಮಮ್ಮ ಕೂತಿದ್ದಳು. ಸಂತೆಗೆ ಮೆಣಸಿನಕಾಯಿ ಕೊಳ್ಳಲು ಬಂದೆ ಎಂದಳು. ಅವತ್ತು ಸಂತೆ ಇರಲಿಲ್ಲ. ಇಬ್ಬರೂ ಊರಿನ ದಾರಿ ಹಿಡಿದರು. ಊರ ಮುಂದಿನ ತೋಪು ಬರುವವರೆಗೆ ಜೊತೆಗೆ ನಡೆದರೆ ಯಾರೂ ನೋಡುವುದಿಲ್ಲ ಎಂದು ಗಂಗಲಕ್ಷ್ಮಮ್ಮ ಮೊದಲೇ ಯೋಚಿಸಿಕೊಂಡಿದ್ದಳು. ಸ್ವಲ್ಪ ದೂರ ತಡೆದುಕೊಂಡಳು, ಆಮೇಲೆ ತಡೆಯಲಾಗಲಿಲ್ಲ.

“ಈಗ್ಲಾದ್ರೂ ನಿಜ ಹೇಳು. ಏನ್ ಕೊಟ್ರೇ?”

“ವಸಿ ಉಪ್ಪು, ವಸಿ ನೀರು.”

“ಅಷ್ಟೇನಾ?”

“ಇನ್ನೊಂದು ಐತೆ. ಅದನ್ನ ದೇವ್ರು ಮೊದ್ಲೇ ಕೊಟ್ಟಿದ್ದ. ನೀನು ರಾಗಿ ಕುಯ್ದುಕೊಟ್ಯಲ್ಲ, ಅಂಗೇ ಕಣಕ್ಕ. ನಾನ್ ಎಷ್ಟ್ ಹೇಳಿದ್ರೂ ವಾಪಸ್ ತಕ್ಕಳಲ್ಲ.”

ಗಂಗಲಕ್ಷ್ಮಮ್ಮ ಸೆರಗಿನ ಗಂಟು ಬಿಚ್ಚಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

“ಅಂಗಾದ್ರೆ ನಿನ್ ದೇವ್ರು ಹಟಮಾರಿ ಕಣೇ” ಎಂದಳು ಕೊನೆಗೆ. “ನನ್ನಂಗೇ.”